ಹುಬ್ಬಳ್ಳಿಯಿಂದ ದೂರದ ರೈಲು ಹತ್ತುವ ಮುನ್ನ: ಟಿಕೆಟ್ಟಿನ ಜೊತೆಗೆ ನಿಮಗೆ ಸಲ್ಲುವ ಸೌಲಭ್ಯಗಳು

ಧಾರವಾಡದ ನಮ್ಮ ಓಣಿಯಲ್ಲಿ ಯಾರೇ ದೂರದ ಊರಿಗೆ ಹೊರಟರೂ ಟಿಕೆಟ್ ಕಾಯ್ದಿರಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಕಾಶಿಗೆ ಹೋಗುವವರು, ದೆಹಲಿಯ ಮಗನ ಮನೆಗೆ ಹೋಗುವವರು, ಬಾಣಂತನಕ್ಕೆ ಮಗಳನ್ನು ಕರೆತರಲು ಪುಣೆಗೆ ಹೊರಟವರು, ಎಲ್ಲರೂ ಬರುತ್ತಾರೆ. ಈಚೆಗೆ ಎದುರು ಮನೆಯ ಕಾಕಾ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಚಾವಣಿಯವರೆಗೂ ಗಾಜಿನ ಕಿಟಕಿಯಿರುವ ಬೋಗಿ, ಹೊರಗಿನ ಬೆಟ್ಟಗಳ ಕಡೆಗೆ ತಿರುಗಿಸಿಟ್ಟ ಕುರ್ಚಿಗಳು, ಕಾಫಿ ಕುಡಿಯುತ್ತ ಕುಳಿತ ಜನ. “ಇಂಥ ಬೋಗಿ ನಮ್ಮ ಹುಬ್ಬಳ್ಳಿಯ ರೈಲಿಗೂ ಇದೆಯೇನು? ನಾಲ್ಕು ದುಡ್ಡು ಹೆಚ್ಚಿಗೆ ಕೊಟ್ಟರೆ ಒಳಗೆ ಬಿಡುತ್ತಾರೆಯೇ?” ಎಂದು ಕೇಳಿದರು.

ಆ ವಿಡಿಯೊ ಅಮೆರಿಕದ್ದು. ಅಲ್ಲಿ ಆಮ್‌ಟ್ರ್ಯಾಕ್ ಸಂಸ್ಥೆ ಓಡಿಸುವ ಎರಡಂತಸ್ತಿನ ದೂರದ ರೈಲುಗಳಲ್ಲಿ ಹೀಗೊಂದು ಲೌಂಜ್ ಬೋಗಿ ಇರುತ್ತದೆ. ಯಾವ ದರ್ಜೆಯ ಟಿಕೆಟ್ ಇದ್ದರೂ ಅಲ್ಲಿ ಹೋಗಿ ಕುಳಿತುಕೊಳ್ಳಬಹುದು, ಆಸನ ಯಾರ ಹೆಸರಿಗೂ ಮೀಸಲಿಲ್ಲ. ಮಲಗುವ ಕೋಣೆ ಪಡೆದವರಿಗೆ ಊಟದ ಖರ್ಚು ಟಿಕೆಟ್ ದರದಲ್ಲೇ ಸೇರಿರುತ್ತದೆ. ಶಿಕಾಗೋದಂಥ ದೊಡ್ಡ ನಿಲ್ದಾಣದಲ್ಲಿ ಅವರಿಗೆ ಪ್ರತ್ಯೇಕ ವಿಶ್ರಾಂತಿ ಕೋಣೆಯೂ ಉಂಟು.

ನಮ್ಮ ದಿನನಿತ್ಯದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳಲ್ಲಿ ಅಂಥ ಬೋಗಿ ಇಲ್ಲ. ಆದರೆ ಆ ಒಂದು ಬೋಗಿಯಲ್ಲಿ ಸಿಗುವ ಆರಾಮವು ನಮ್ಮಲ್ಲಿ ಬಿಡಿಬಿಡಿಯಾಗಿ ಹಂಚಿಹೋಗಿದೆ. ಸ್ವಲ್ಪ ಬುಕಿಂಗ್ ಪರದೆಯಲ್ಲಿ, ಸ್ವಲ್ಪ ನಿಲ್ದಾಣದಲ್ಲಿ, ಸ್ವಲ್ಪ ಬೋಗಿಯ ಬಾಗಿಲ ಬಳಿ ಕುಳಿತ ಅಟೆಂಡೆಂಟ್ ಕೈಯಲ್ಲಿ. ಕೇಳಿದವರಿಗೆ ಸಿಗುತ್ತದೆ, ಕೇಳದವರು ದುಡ್ಡು ಕೊಟ್ಟೂ ಬಿಟ್ಟು ಬರುತ್ತಾರೆ. ನಾನು ಓಣಿಯವರಿಗೆ ಹೇಳುವುದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಟಿಕೆಟ್ ಕಾಯ್ದಿರಿಸುವಾಗಲೇ

ಪ್ರಯಾಣದ ದಿನವನ್ನು ಬಿಟ್ಟು 60 ದಿನ ಮುಂಚಿತವಾಗಿ ಟಿಕೆಟ್ ತೆಗೆಯಬಹುದು. ಮೊದಲು ಇದ್ದ 120 ದಿನಗಳ ಅವಧಿ 2024ರ ನವೆಂಬರ್‌ನಿಂದ ಕಡಿಮೆಯಾಗಿದೆ. ಹಳೆಯ ಲೆಕ್ಕ ಹಿಡಿದು ನಾಲ್ಕು ತಿಂಗಳ ಮುಂಚೆಯೇ ಕೌಂಟರಿಗೆ ಹೋಗಿ ನಿಂತವರನ್ನು ಈಗಲೂ ನೋಡುತ್ತೇನೆ. ಹುಬ್ಬಳ್ಳಿಯ ಸಂಕೇತ ಯುಬಿಎಲ್, ಧಾರವಾಡದ್ದು ಡಿಡಬ್ಲ್ಯುಆರ್, ಗದಗದ್ದು ಜಿಡಿಜಿ, ಹಾವೇರಿಯದು ಎಚ್‌ವಿಆರ್. ಇವನ್ನು ನೆನಪಿಟ್ಟುಕೊಂಡರೆ ಆ್ಯಪ್‌ನಲ್ಲಿ ಹುಡುಕಾಟ ಬೇಗ ಮುಗಿಯುತ್ತದೆ.

ಹಿರಿಯರಿಗೆ ಕೆಳಗಿನ ಬರ್ತ್ ಕೊಡಿಸುವುದು ಈ ಹಂತದ ಎಲ್ಲಕ್ಕಿಂತ ದೊಡ್ಡ ಕೆಲಸ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳ ಬರ್ತ್‌ನ ಪ್ರತ್ಯೇಕ ಕೋಟಾ ಇದೆ. ಆದರೆ ಇದು ಸಲ್ಲುವುದು ಒಂದು ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಟಿಕೆಟ್ ಸಂಖ್ಯೆಯಲ್ಲಿ, ಅಂಥ ಒಬ್ಬರು ಅಥವಾ ಇಬ್ಬರು ಮಾತ್ರ ಇದ್ದಾಗ. ಮಗ, ಸೊಸೆ, ಮೊಮ್ಮಕ್ಕಳು, ಅಜ್ಜ, ಅಜ್ಜಿ ಎಲ್ಲರನ್ನೂ ಒಂದೇ ಟಿಕೆಟ್ಟಿಗೆ ಸೇರಿಸಿದರೆ ಕೋಟಾ ಕೈತಪ್ಪುತ್ತದೆ. ಮನೆಯವರೆಲ್ಲ ಒಟ್ಟಿಗಿರಲಿ ಎಂಬ ಪ್ರೀತಿಯಿಂದ ಮಾಡಿದ ಕೆಲಸ, ಕೊನೆಗೆ ಎಪ್ಪತ್ತು ವರ್ಷದ ಅಜ್ಜಿ ಮೇಲಿನ ಬರ್ತ್‌ನ ಕಬ್ಬಿಣದ ಮೆಟ್ಟಿಲನ್ನು ನೋಡುತ್ತ ನಿಲ್ಲುವ ಹಾಗೆ ಮಾಡುತ್ತದೆ. ಹಿರಿಯರಿಬ್ಬರದು ಬೇರೆ ಟಿಕೆಟ್, ಉಳಿದವರದು ಬೇರೆ ಟಿಕೆಟ್ ಮಾಡಿ. ಬೋಗಿ ಬೇರೆಯಾದರೂ ಹಗಲು ಹೊತ್ತಿನಲ್ಲಿ ಹೋಗಿ ಜೊತೆಗೆ ಕೂರಬಹುದು. ಹಿರಿಯ ನಾಗರಿಕರ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು, ಕೆಳ ಬರ್ತ್‌ನ ಕೋಟಾ ಮಾತ್ರ ಉಳಿದಿದೆ. ಉಳಿದದ್ದನ್ನಾದರೂ ಪೂರ್ತಿ ಬಳಸಿಕೊಳ್ಳಬೇಕು.

ಬುಕಿಂಗ್ ಮಾಡುವಾಗ ಕೆಳಗೆ ‘ಆಟೊ ಅಪ್‌ಗ್ರೇಡ್’ ಎಂಬ ಆಯ್ಕೆ ಕಾಣುತ್ತದೆ. ಚಾರ್ಟ್, ಅಂದರೆ ಯಾರಿಗೆ ಯಾವ ಬರ್ತ್ ಎಂಬ ಕೊನೆಯ ಪಟ್ಟಿ, ತಯಾರಾಗುವಾಗ ಮೇಲಿನ ದರ್ಜೆಯಲ್ಲಿ ಜಾಗ ಉಳಿದಿದ್ದರೆ, ಪೂರ್ಣ ದರ ಕೊಟ್ಟವರನ್ನು ಹೆಚ್ಚಿನ ಹಣ ಕೇಳದೆ ಅಲ್ಲಿಗೆ ಏರಿಸುವ ವ್ಯವಸ್ಥೆ ಇದು. ಒಬ್ಬರೇ ಹೋಗುವ ಯುವಕರಿಗೆ ಬಹಳ ಒಳ್ಳೆಯದು, ಗುರುತು ಹಾಕಿಬಿಡಿ. ಹಿರಿಯರಿಗೆ ಮಾತ್ರ ನಾನು ಹಾಕುವುದಿಲ್ಲ. ಸ್ಲೀಪರ್‌ನಲ್ಲಿ ಸಿಕ್ಕಿದ್ದ ಕೆಳ ಬರ್ತ್ ಹೋಗಿ, ಹವಾನಿಯಂತ್ರಿತ ಬೋಗಿಯ ಮೇಲಿನ ಬರ್ತ್ ಬಂದರೆ ಅವರಿಗೆ ಅದರಿಂದ ಏನೂ ಲಾಭವಿಲ್ಲ.

ಯಾವ ದರ್ಜೆ ತೆಗೆಯಬೇಕು ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ನೇರವಾದದ್ದು. ಒಂದು ರಾತ್ರಿಯ ಪ್ರಯಾಣಕ್ಕೆ ಮೂರನೆಯ ದರ್ಜೆಯ ಎ.ಸಿ. ಸಾಕು. ಎರಡು ರಾತ್ರಿಯಾದರೆ, ಮೊಣಕಾಲು ನೋವಿನವರು ಜೊತೆಗಿದ್ದರೆ, ಎರಡನೆಯ ದರ್ಜೆಯ ಎ.ಸಿ. ತೆಗೆಯಿರಿ. ಅಲ್ಲಿ ನಡುವಿನ ಬರ್ತ್ ಇಲ್ಲದ ಕಾರಣ ಹಗಲಿನಲ್ಲಿಯೂ ಕೆಳಗೆ ಬೆನ್ನು ನೆಟ್ಟಗೆ ಮಾಡಿ ಕೂರಬಹುದು, ಪರದೆ ಎಳೆದುಕೊಂಡರೆ ಸ್ವಲ್ಪ ಏಕಾಂತವೂ ಸಿಗುತ್ತದೆ. ಮೊದಲ ದರ್ಜೆಯ ಎ.ಸಿ.ಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆಗಳಿರುತ್ತವೆ. ಇಬ್ಬರದನ್ನು ಕೂಪೆ ಎನ್ನುತ್ತಾರೆ, ನಾಲ್ವರದನ್ನು ಕ್ಯಾಬಿನ್. ಯಾರಿಗೆ ಯಾವುದು ಎಂದು ತಿಳಿಯುವುದು ಚಾರ್ಟ್ ಆದ ಮೇಲೆಯೇ. ಗಂಡ ಹೆಂಡತಿ ಇಬ್ಬರೇ ಎಂದ ಮಾತ್ರಕ್ಕೆ ಕೂಪೆ ಸಿಕ್ಕೇ ಸಿಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಈ ದರ್ಜೆಗೆ ತತ್ಕಾಲ್ ಸಹ ಇಲ್ಲ.

ಎರಡನೆಯದು: ಸಾಮಾನು ಮತ್ತು ಬುತ್ತಿ

ಉಚಿತವಾಗಿ ಒಯ್ಯಬಹುದಾದ ಸಾಮಾನಿಗೂ ದರ್ಜೆಯ ಲೆಕ್ಕವಿದೆ. ಮೊದಲ ದರ್ಜೆಯ ಎ.ಸಿ.ಗೆ 70 ಕಿಲೊ, ಎರಡನೆಯದಕ್ಕೆ 50, ಮೂರನೆಯ ದರ್ಜೆ ಎ.ಸಿ. ಮತ್ತು ಸ್ಲೀಪರ್‌ಗೆ 40. ಮಗಳ ಮನೆಗೆ ಜೋಳದ ಹಿಟ್ಟು, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ಕಟ್ಟಿಕೊಂಡು ಹೋಗುವ ನಮ್ಮವರಿಗೆ ಈ ಲೆಕ್ಕ ಗೊತ್ತಿರಬೇಕು. ಮೆಣಸಿನಕಾಯಿಯ ಚೀಲವನ್ನು ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ. ಮುಚ್ಚಿದ ಎ.ಸಿ. ಬೋಗಿಯಲ್ಲಿ ಅದರ ಘಾಟು ಎಂಟು ಜನರಿಗೆ ಕೆಮ್ಮು ತರಿಸುತ್ತದೆ.

ಬುತ್ತಿ ಕಟ್ಟುವವರಿಗೆ ಒಂದು ಮಾತು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಎರಡು ದಿನ ಕೆಡುವುದಿಲ್ಲ. ಎಣ್ಣೆಗಾಯಿಯನ್ನು ಮೊದಲ ರಾತ್ರಿಯೇ ಮುಗಿಸಿ. ಮೊಸರನ್ನು ಮನೆಯಿಂದ ಒಯ್ಯಬೇಡಿ, ದಾರಿಯಲ್ಲಿ ಕಪ್ಪಿನಲ್ಲಿ ಸಿಗುತ್ತದೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅಗಲವಾದ ಸ್ಟೀಲ್ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಚೀಲದ ಮೇಲ್ಭಾಗದಲ್ಲಿಡಿ. ಕೆಳಗಿಟ್ಟರೆ ಪುಣೆ ತಲುಪುವ ಹೊತ್ತಿಗೆ ಪುಡಿಯಾಗಿರುತ್ತದೆ.

ಬುತ್ತಿ ಇಲ್ಲದವರು ರೈಲ್ವೆಯ ಇ-ಕೇಟರಿಂಗ್ ಬಳಸಬಹುದು. ಪಿಎನ್‌ಆರ್ ಕೊಟ್ಟು ಮುಂದಿನ ಯಾವ ನಿಲ್ದಾಣದಲ್ಲಿ ಊಟ ಬೇಕೆಂದು ಆರಿಸಿದರೆ, ಆಸನಕ್ಕೇ ತಂದುಕೊಡುತ್ತಾರೆ. 1323ಕ್ಕೆ ಕರೆ ಮಾಡಿಯೂ ಹೇಳಬಹುದು. ರೈಲು ಎರಡು ನಿಮಿಷ ನಿಲ್ಲುವ ಊರನ್ನು ಆರಿಸಬೇಡಿ. ಎಂಜಿನ್ ಬದಲಾಗುವ ಅಥವಾ ನೀರು ತುಂಬುವ ದೊಡ್ಡ ಜಂಕ್ಷನ್ ಆರಿಸಿ, ಊಟ ಕೈಗೆ ಬರುವುದು ಖಾತ್ರಿಯಾಗುತ್ತದೆ. ವಂದೇ ಭಾರತ್‌ನಲ್ಲಿ ಊಟ ಬೇಕೋ ಬೇಡವೋ ಎಂದು ಬುಕಿಂಗ್ ಸಮಯದಲ್ಲೇ ಕೇಳುತ್ತಾರೆ. ಬೇಡವೆಂದರೆ ಆ ಹಣ ದರದಿಂದ ಕಳೆಯುತ್ತದೆ. ವ್ರತ ಇರುವವರು, ಹೊರಗಿನ ಊಟ ಮಾಡದವರು ಈ ಆಯ್ಕೆಯನ್ನು ನೋಡದೆ ಮುಂದೆ ಹೋಗಬೇಡಿ.

ಮೂರನೆಯದು: ಹುಬ್ಬಳ್ಳಿ ನಿಲ್ದಾಣದಲ್ಲಿ

ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕು. ನಮ್ಮ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್ 12ರಂದು ಪ್ರಧಾನಿ ಲೋಕಾರ್ಪಣೆ ಮಾಡಿದ ಇದು ಜಗತ್ತಿನಲ್ಲೇ ಅತಿ ಉದ್ದದ್ದು. ಊರಿಗೆ ಹೆಮ್ಮೆಯ ವಿಷಯ. ಆದರೆ ಸಾಮಾನು ಹಿಡಿದು ನಿಂತವರಿಗೆ ಅದು ಒಂದೂವರೆ ಕಿಲೋಮೀಟರಿನ ನೆಲ ಎಂಬುದೂ ನಿಜ. 22 ಬೋಗಿಯ ರೈಲು ಸುಮಾರು 550 ಮೀಟರ್ ಉದ್ದ ಇರುತ್ತದೆ. ಅಂದರೆ ಆ ಪ್ಲಾಟ್‌ಫಾರ್ಮಿನಲ್ಲಿ ಎರಡು ಪೂರ್ಣ ರೈಲುಗಳು ನಿಂತ ಮೇಲೂ ಜಾಗ ಉಳಿಯುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಚಿಗವ್ವನನ್ನು ರೈಲು ಹತ್ತಿಸಲು ಹೋಗಿದ್ದೆ. ಮೇಲ್ಸೇತುವೆ ಇಳಿದು, ಮೊದಲು ಕಂಡ ಬೆಂಚಿನ ಮೇಲೆ ಅವರನ್ನು ಕೂರಿಸಿದೆ. ರೈಲು ಬಂತು. ನಮ್ಮ ಎ1 ಬೋಗಿ ಕಣ್ಣೆದುರಿನಿಂದಲೇ ಹಾದು ಮುಂದೆ ಹೋಗುತ್ತಲೇ ಇತ್ತು. ಚಿಗವ್ವ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ ನಡೆದರು. ಮೊಣಕಾಲಿಗೆ ಕಟ್ಟಿದ್ದ ಪಟ್ಟಿ ಜಾರಿ ಪಾದದ ಮೇಲೆ ಬಂದಿತ್ತು. ಬೋಗಿಯ ಮೆಟ್ಟಿಲು ಹತ್ತಿದಾಗ ಅವರು ಹೇಳಿದ್ದು ಒಂದೇ ಮಾತು: “ಮೊದಲೇ ಯಾರನ್ನಾದರೂ ಕೇಳಬೇಕಿತ್ತಪ್ಪಾ.” ಅಂದಿನಿಂದ ನಾನು ಯಾರನ್ನು ಕರೆದೊಯ್ದರೂ ಮೊದಲು ನೋಡುವುದು ಬೋಗಿಗಳ ಕ್ರಮವನ್ನೇ.

ಹಾಗಾದರೆ ಏನು ಮಾಡಬೇಕು? ಹೊರಡುವ ಮುನ್ನ ರೈಲಿನ ಬೋಗಿಗಳ ಕ್ರಮವನ್ನು ಆ್ಯಪ್‌ನಲ್ಲಿ ನೋಡಿ. ಎಚ್ ಎಂದರೆ ಮೊದಲ ದರ್ಜೆಯ ಎ.ಸಿ., ಎ ಎಂದರೆ ಎರಡನೆಯದು, ಬಿ ಎಂದರೆ ಮೂರನೆಯದು, ಎಂ ಎಂದರೆ ಮೂರನೆಯ ದರ್ಜೆಯ ಎ.ಸಿ. ಎಕಾನಮಿ, ಎಸ್ ಎಂದರೆ ಸ್ಲೀಪರ್. ಪ್ಲಾಟ್‌ಫಾರ್ಮಿನ ಮೇಲೆ ತೂಗುಹಾಕಿದ ಫಲಕದಲ್ಲಿ ನಿಮ್ಮ ಬೋಗಿಯ ಸಂಕೇತ ಬರುವ ಜಾಗಕ್ಕೆ ರೈಲು ಬರುವ ಮುನ್ನವೇ ಹೋಗಿ ನಿಲ್ಲಿ. ಕ್ರಮ ತಿಳಿಯದಿದ್ದರೆ ಹಮಾಲರನ್ನು ಕೇಳಿ. ಯಾವ ರೈಲಿನ ಯಾವ ಬೋಗಿ ಯಾವ ಕಂಬದ ಹತ್ತಿರ ನಿಲ್ಲುತ್ತದೆ ಎಂಬುದು ಅವರಿಗೆ ಬಾಯಿಪಾಠ. ನಡೆಯಲಾಗದವರಿಗೆ ಗಾಲಿಕುರ್ಚಿ ಬೇಕಾದರೆ ನಿಲ್ದಾಣದ ಅಧಿಕಾರಿಯನ್ನು ಕೇಳಿ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಅರ್ಧ ಗಂಟೆ ಮುಂಚೆಯಾದರೂ ಕೇಳಬೇಕು, ರೈಲು ಬಂದ ಮೇಲೆ ಕೇಳಿದರೆ ಯಾರೂ ಏನೂ ಮಾಡಲಾರರು. ಬೀಳ್ಕೊಡಲು ಬಂದವರು 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಮರೆಯಬೇಡಿ, ಅದು ಎರಡು ಗಂಟೆಗಳಿಗೆ ಸಲ್ಲುತ್ತದೆ.

ಧಾರವಾಡದಿಂದ ಬರುವವರಿಗೆ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ ಅನುಕೂಲ. ಬಸ್ಸಿನ ನೆಲ ಮತ್ತು ಬಸ್ ನಿಲ್ದಾಣದ ನೆಲ ಒಂದೇ ಮಟ್ಟದಲ್ಲಿರುವುದರಿಂದ ಗಾಲಿಯ ಸೂಟ್‌ಕೇಸ್ ಎತ್ತಬೇಕಾಗಿಲ್ಲ. ಆದರೂ ಮೊದಲು ನೋಡಿ: ಬೆಳಗಾವಿ, ಪುಣೆ ಕಡೆಗೆ ಹೋಗುವ ರೈಲಾಗಿದ್ದರೆ ಅದು ಧಾರವಾಡದಲ್ಲೇ ನಿಲ್ಲಬಹುದು. ಹಾಗಿದ್ದಾಗ ಹತ್ತುವ ನಿಲ್ದಾಣವನ್ನು ಧಾರವಾಡ ಎಂದೇ ಹಾಕಿಸಿ. ಗದಗ, ಸೊಲ್ಲಾಪುರ ಕಡೆಗೆ ಹೋಗುವ ರೈಲುಗಳಿಗೆ ಹುಬ್ಬಳ್ಳಿಗೆ ಬರುವುದೇ ಸರಿ. ಹಾವೇರಿಯವರು ತಮ್ಮೂರಲ್ಲಿ ನಿಲುಗಡೆ ಇದೆಯೇ ಎಂದು ಖಚಿತ ಮಾಡಿಕೊಳ್ಳಬೇಕು, ವೇಗದ ರೈಲುಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ.

ಕಾಯುವ ಹೊತ್ತು ಹೆಚ್ಚಿದ್ದರೆ ದೊಡ್ಡ ನಿಲ್ದಾಣಗಳಲ್ಲಿ ಮೇಲ್ದರ್ಜೆಯವರಿಗೆ ಪ್ರತ್ಯೇಕ ನಿರೀಕ್ಷಣಾ ಕೊಠಡಿ ಇರುತ್ತದೆ. ಬಾಗಿಲಲ್ಲಿ ಟಿಕೆಟ್ ತೋರಿಸಿ ಒಳಗೆ ಹೋಗಬಹುದು. ಇಡೀ ರಾತ್ರಿಯೇ ಕಳೆಯಬೇಕಾದರೆ ರಿಟೈರಿಂಗ್ ರೂಮ್ ಕಾಯ್ದಿರಿಸಿ. ಖಚಿತವಾದ ಅಥವಾ ಆರ್‌ಎಸಿ (ಸದ್ಯಕ್ಕೆ ಅರ್ಧ ಸೀಟು ಮಾತ್ರ ಸಿಕ್ಕ) ಟಿಕೆಟ್ಟಿನ ಪಿಎನ್‌ಆರ್ ಇದ್ದರೆ ಆನ್‌ಲೈನ್‌ನಲ್ಲೇ ಸಿಗುತ್ತದೆ. ಹತ್ತುವ ಊರಿನಲ್ಲಿಯೂ ಸಿಗುತ್ತದೆ, ಇಳಿಯುವ ಊರಿನಲ್ಲಿಯೂ ಸಿಗುತ್ತದೆ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಸಂಜೆಯೇ ಬಂದು ನಸುಕಿನ ರೈಲು ಹಿಡಿಯುವವರು ಲಾಡ್ಜ್ ಹುಡುಕಿ ಅಲೆಯುವ ಮುಂಚೆ ಇದನ್ನು ನೋಡಲಿ.

ಬ್ಯಾಂಕಿನ ಕಾರ್ಡ್ ತೋರಿಸಿ ಹೋಗುವ ಲೌಂಜ್‌ಗಳ ಬಗ್ಗೆ ಯುವಕರು ಕೇಳುತ್ತಾರೆ. ಹೊಸದಿಲ್ಲಿಯಂಥ ಕೆಲವು ನಿಲ್ದಾಣಗಳಲ್ಲಿ ರೈಲ್ವೆಯ ಟಿಕೆಟ್ ಮತ್ತು ಊಟದ ಸಂಸ್ಥೆಯಾದ ಐಆರ್‌ಸಿಟಿಸಿಯ ಎಕ್ಸಿಕ್ಯುಟಿವ್ ಲೌಂಜ್ ಇದೆ. ಹಣ ಕೊಟ್ಟು ಹೋಗಬಹುದು, ಕೆಲವು ಕ್ರೆಡಿಟ್ ಕಾರ್ಡ್‌ಗಳಿಗೆ ವರ್ಷದಲ್ಲಿ ಇಷ್ಟು ಸಲ ಎಂದು ಉಚಿತ ಪ್ರವೇಶವೂ ಇದೆ. ಕಾರ್ಡಿನ ಕರಾರಿನಲ್ಲಿ ‘ರೈಲ್ವೆ ಲೌಂಜ್’ ಎಂದು ಬೇರೆಯಾಗಿ ಬರೆದಿದೆಯೇ ನೋಡಿ. ವಿಮಾನ ನಿಲ್ದಾಣದ ಲೌಂಜ್ ಎಂದಷ್ಟೇ ಇದ್ದರೆ ಇಲ್ಲಿ ನಡೆಯದು. ಇನ್ನೊಂದು ವಿಷಯ: ನಮ್ಮ ಹುಬ್ಬಳ್ಳಿಯ ದೆಹಲಿ ರೈಲು ಹೋಗಿ ನಿಲ್ಲುವುದು ಹಜರತ್ ನಿಜಾಮುದ್ದೀನ್‌ನಲ್ಲಿ. ಹೊಸದಿಲ್ಲಿ ನಿಲ್ದಾಣ ಅಲ್ಲಿಂದ ದೂರ. ಬರೀ ಲೌಂಜ್‌ಗಾಗಿ ಅಷ್ಟು ದೂರ ಆಟೊ ಮಾಡಿಕೊಂಡು ಹೋಗುವುದು ಬೇಡ. ಹೊಸದಿಲ್ಲಿಯಿಂದಲೇ ಮುಂದಿನ ರೈಲು ಇದ್ದರೆ ಮಾತ್ರ ಯೋಚಿಸಿ.

ನಾಲ್ಕನೆಯದು: ಬೋಗಿಯೊಳಗೆ ನಿಮಗೆ ಸಲ್ಲುವುದು

ಎ.ಸಿ. ಮಲಗುವ ದರ್ಜೆಗಳಲ್ಲಿ ಬೆಡ್‌ರೋಲ್ ಟಿಕೆಟ್ ದರದಲ್ಲೇ ಸೇರಿದೆ. ಎರಡು ಹಾಸು, ಒಂದು ದಿಂಬು, ಒಂದು ಹೊದಿಕೆ ಬರಬೇಕು, ಜೊತೆಗೆ ಸಣ್ಣ ಟವೆಲ್. ಟವೆಲ್ ಕಾಣದಿದ್ದರೆ ಅಟೆಂಡೆಂಟ್‌ರನ್ನು ಕೇಳಿ. ಹಾಸಿನ ಪೊಟ್ಟಣ ತೆರೆದಿದ್ದರೆ, ಮಡಿಕೆ ಕೆಟ್ಟಿದ್ದರೆ ಬದಲಿಸಿಕೊಡಿ ಎಂದು ಮರ್ಯಾದೆಯಿಂದಲೇ ಹೇಳಿ. ಹೊದಿಕೆಯ ಕೆಳಗೆ ಒಂದು ಹಾಸನ್ನು ಸೇರಿಸಿಕೊಂಡು ಹೊದ್ದುಕೊಳ್ಳಿ, ಹಾಸು ಪ್ರತಿ ಸಲ ಒಗೆದು ಬರುತ್ತದೆ, ಉಣ್ಣೆಯ ಹೊದಿಕೆ ಹಾಗಲ್ಲ. ಆರ್‌ಎಸಿಯಲ್ಲಿ ಅರ್ಧ ಸೀಟು ಸಿಕ್ಕವರಿಗೂ ಎ.ಸಿ.ಯಲ್ಲಿ ಪೂರ್ತಿ ಬೆಡ್‌ರೋಲ್ ಕೊಡಬೇಕು. ಇದು ಗೊತ್ತಿಲ್ಲದೆ ಇಬ್ಬರು ಒಂದೇ ಹೊದಿಕೆಯನ್ನು ಎಳೆದಾಡುತ್ತ ರಾತ್ರಿ ಕಳೆಯುವುದನ್ನು ಕಂಡಿದ್ದೇನೆ.

ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಲಗುವ ಸಮಯ. ಈ ಹೊತ್ತಿನಲ್ಲಿ ನಡುವಿನ ಬರ್ತ್‌ನವರು ಅದನ್ನು ಬಿಚ್ಚಿಕೊಳ್ಳಬಹುದು. ಉಳಿದ ಹೊತ್ತಿನಲ್ಲಿ ಕೆಳಗಿನವರು ಕೂರಲು ಜಾಗ ಬಿಡಬೇಕು. ಕೆಳ ಬರ್ತ್ ನನ್ನದು ಎಂದು ಹಗಲಿಡೀ ಕಾಲು ಚಾಚಿ ಮಲಗುವುದೂ ತಪ್ಪು, ಒಂಬತ್ತಕ್ಕೇ ಎಲ್ಲರನ್ನೂ ಎಬ್ಬಿಸಿ ನಡುವಿನ ಬರ್ತ್ ಎತ್ತುವುದೂ ತಪ್ಪು. ಹಲವು ರೈಲುಗಳಲ್ಲಿ ರಾತ್ರಿ 11ರಿಂದ 5ರವರೆಗೆ ಮೊಬೈಲ್ ಚಾರ್ಜಿಂಗ್ ಪಾಯಿಂಟ್‌ಗೆ ವಿದ್ಯುತ್ ಇರುವುದಿಲ್ಲ. ಊಟದ ಹೊತ್ತಿನಲ್ಲೇ ಚಾರ್ಜ್ ಮಾಡಿಕೊಳ್ಳಿ.

ರೈಲ್ ನೀರ್‌ನ ಒಂದು ಲೀಟರ್ ಬಾಟಲಿಯ ಬೆಲೆ 2025ರ ಸೆಪ್ಟೆಂಬರ್‌ನಿಂದ 14 ರೂಪಾಯಿ. ಹೆಚ್ಚು ಕೇಳಿದರೆ ಬಿಲ್ ಕೇಳಿ. ಊಟದ ದರಪಟ್ಟಿಯನ್ನೂ ಮಾರುವವರು ತೋರಿಸಲೇಬೇಕು. ಜಗಳ ಬೇಡ. 139ಕ್ಕೆ ಕರೆ ಮಾಡಿದರೆ ಅಥವಾ ರೈಲ್ ಮದದ್ ಆ್ಯಪ್‌ನಲ್ಲಿ ಪಿಎನ್‌ಆರ್, ಬೋಗಿ, ಬರ್ತ್ ಸಂಖ್ಯೆ ಸಹಿತ ಬರೆದರೆ ಮುಂದಿನ ನಿಲ್ದಾಣಗಳಿಗೆ ಸುದ್ದಿ ಹೋಗುತ್ತದೆ. ಶೌಚಾಲಯದಲ್ಲಿ ನೀರಿಲ್ಲ, ಯಾರಿಗೋ ಎದೆನೋವು, ಚೀಲ ಕಾಣುತ್ತಿಲ್ಲ, ಎಲ್ಲಕ್ಕೂ ಇದೇ 139. ಈ ಸಂಖ್ಯೆಯನ್ನು ಹಿರಿಯರ ಟಿಕೆಟ್ಟಿನ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಡಿ.

ಎ.ಸಿ. ಕೆಟ್ಟರೆ ಸಹಿಸಿಕೊಂಡು ಸುಮ್ಮನಿರಬೇಕಾಗಿಲ್ಲ. ಟಿಕೆಟ್ ತಪಾಸಣೆ ಮಾಡುವ ಟಿ.ಟಿ.ಇ. ಬಳಿ ದಾಖಲಿಸಿ, ಅವರಿಂದ ಪ್ರಮಾಣಪತ್ರ ಪಡೆದು, ತಲುಪಿದ 20 ಗಂಟೆಯೊಳಗೆ ಟಿಡಿಆರ್ (ಹಣ ವಾಪಸು ಕೇಳುವ ಅರ್ಜಿ) ಹಾಕಿದರೆ ಎ.ಸಿ. ದರ್ಜೆಗೂ ಎ.ಸಿ. ಇಲ್ಲದ ದರ್ಜೆಗೂ ಇರುವ ದರದ ವ್ಯತ್ಯಾಸ ಮರಳುತ್ತದೆ. ಹತ್ತುವ ನಿಲ್ದಾಣಕ್ಕೆ ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣವನ್ನೇ ಬಿಟ್ಟರೆ ಪೂರ್ತಿ ಹಣ ವಾಪಸು. ಅದಕ್ಕೆ ರೈಲು ಹೊರಡುವ ಮುನ್ನವೇ ಟಿಡಿಆರ್ ಹಾಕಬೇಕು.

ನಿಜವಾದ ಲೌಂಜ್ ಬೋಗಿ ಬೇಕೆನ್ನುವವರಿಗೆ

ಕಾಕಾನ ಆಸೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಅವರಿಗೆ ಮೂರು ದಾರಿ ತೋರಿಸಿದೆ.

ಮೊದಲನೆಯದು ಗೋಲ್ಡನ್ ಚಾರಿಯಟ್. 2008ರಲ್ಲಿ ಆರಂಭವಾದ ಕರ್ನಾಟಕದ ಐಷಾರಾಮಿ ರೈಲು. ಕೋಣೆಗಳಿರುವ ಬೋಗಿಗಳಿಗೆ ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ ಎಂದು ನಮ್ಮ ರಾಜಮನೆತನಗಳ ಹೆಸರು. ನಳ ಮತ್ತು ರುಚಿ ಎಂಬ ಎರಡು ಊಟದ ಬೋಗಿಗಳು, ಜೊತೆಗೆ ಲೌಂಜ್ ಬೋಗಿ. ಹಂಪಿಯಿಂದ ಬಾದಾಮಿಗೆ ಹೋಗುವ ಹಳಿ ನಮ್ಮ ಗದಗದ ಮೂಲಕವೇ ಹಾಯುತ್ತದೆ. ಆದರೆ ಇದು ಪೂರ್ತಿ ಪ್ರವಾಸದ ಪ್ಯಾಕೇಜ್, ನಡುವೆ ಟಿಕೆಟ್ ತೆಗೆದು ಹತ್ತುವ ರೈಲಲ್ಲ. ದರ ಕೇಳಿ ಕಾಕಾ ಸುಮ್ಮನಾದರು.

ಎರಡನೆಯದು ವಿಸ್ಟಾಡೋಮ್. 2021ರ ಜುಲೈನಿಂದ ಯಶವಂತಪುರ ಮತ್ತು ಮಂಗಳೂರು ನಡುವಿನ ಹಗಲು ರೈಲಿಗೆ ಈ ಬೋಗಿ ಜೋಡಿಸಿದ್ದಾರೆ. 44 ಆಸನ, ಗಾಜಿನ ಚಾವಣಿ, ಸುತ್ತ ತಿರುಗುವ ಕುರ್ಚಿ, ತುದಿಯಲ್ಲಿ ನಿಂತು ನೋಡಲು ದೊಡ್ಡ ಗಾಜು. ಸಕಲೇಶಪುರ ದಾಟಿ ಸುಬ್ರಹ್ಮಣ್ಯದವರೆಗೆ ಘಟ್ಟ ಇಳಿಯುವಾಗ ಬೇರೆ ಯಾವ ಬೋಗಿಯಲ್ಲೂ ಈ ನೋಟ ಸಿಗದು. ಹುಬ್ಬಳ್ಳಿಯಿಂದ ರಾತ್ರಿ ಹೊರಟು ಬೆಳಿಗ್ಗೆ ಯಶವಂತಪುರದಲ್ಲಿ ಬದಲಾಯಿಸಬಹುದು. ಟಿಕೆಟ್ ಆ ಬೋಗಿಯದ್ದೇ ಆಗಿರಬೇಕು, ಬೇರೆ ಬೋಗಿಯವರು ಬಂದು ಕೂರುವಂತಿಲ್ಲ. ನನ್ನ ಕೇಳಿದರೆ ಮಳೆಗಾಲ ಮುಗಿಯುತ್ತಿರುವ ಸೆಪ್ಟೆಂಬರ್ ಸರಿಯಾದ ಹೊತ್ತು.

ಮೂರನೆಯದು ಪುಣೆ ಮತ್ತು ಮುಂಬೈ ನಡುವಿನ ಡೆಕ್ಕನ್ ಕ್ವೀನ್. 1930ರಿಂದ ಓಡುತ್ತಿರುವ ಈ ರೈಲಿನಲ್ಲಿ ಮೇಜು ಕುರ್ಚಿ ಹಾಕಿದ ಊಟದ ಬೋಗಿ ಇವತ್ತಿಗೂ ಇದೆ. ಬೆಳಿಗ್ಗೆ ಪುಣೆ ಬಿಡುತ್ತದೆ, ಸಂಜೆ ಮುಂಬೈಯಿಂದ ಮರಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್‌ನಲ್ಲಿ ಹೋಗಿ, ಒಂದು ರಾತ್ರಿ ಪುಣೆಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಡೆಕ್ಕನ್ ಕ್ವೀನ್ ಹಿಡಿಯಬಹುದು. ಹತ್ತಿದ ತಕ್ಷಣ ಊಟದ ಬೋಗಿಗೆ ಹೋಗಿ, ತಡ ಮಾಡಿದರೆ ಮೇಜು ಸಿಗುವುದಿಲ್ಲ.

ಕಾಕಾ ಕೊನೆಗೆ ಆರಿಸಿದ್ದು ಇದನ್ನೇ. ಹೇಗೂ ಮಗಳು ಪುಣೆಯಲ್ಲಿದ್ದಾಳೆ. ಕಾಕಾ ಮತ್ತು ಕಾಕೂ ಇಬ್ಬರದೇ ಬೇರೆ ಪಿಎನ್‌ಆರ್ ಮಾಡಿಸಿ, ವಂದೇ ಭಾರತ್‌ನಲ್ಲಿ ‘ಊಟ ಬೇಡ’ ಎಂದು ಗುರುತು ಹಾಕಿದ್ದೇನೆ, ಕಾಕೂ ಕಡಕ್ ರೊಟ್ಟಿ ಬಡಿಯಲು ಹಿಟ್ಟು ಬೀಸಿಸಿಕೊಂಡು ಬಂದಿದ್ದಾರೆ.